ವಸಂತಕ್ಕೆ ಮುನ್ನ ಹಿತ್ತಲು

ಯುಗಾದಿಯ ಹೊತ್ತಿಗೆ ಬೇವು ಹೂ ಬಿಡುತ್ತದೆ; ಹೊಂಗೆ ಹೊಸ ಎಲೆಯನ್ನು ಹೊದೆದು ನಿಲ್ಲುತ್ತದೆ. ಅದನ್ನು ಕಂಡವರಿಗೆ ತಮ್ಮ ಹಿತ್ತಲಿನಲ್ಲಿಯೂ ನಾಲ್ಕು ಹೂವು, ನಾಲ್ಕು ಕಾಯಿ ಕಾಣಬೇಕೆಂಬ ಆಸೆ ಹುಟ್ಟುವುದು ಸಹಜ. ಅಂಗಡಿಯಿಂದ ಬೀಜದ ಪೊಟ್ಟಣ ಬರುತ್ತದೆ. ಗಟ್ಟಿನೆಲವನ್ನು ಬೆರಳುದ್ದ ಕೆದಕಿ ಬೀಜ ಹಾಕಿ, ಕೊಳಾಯಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಬೆಳಗೂ ಬೈಗೂ ನೀರು ಸುರಿಯುವುದಾಗುತ್ತದೆ. ವೈಶಾಖದ ಬಿಸಿಲು ಏರುವಷ್ಟರಲ್ಲಿ ಸಸಿಗಳು ಸೊರಗುತ್ತವೆ. ಮಣ್ಣೇ ಸರಿಯಿಲ್ಲವೆಂಬ ಅಪವಾದ ಮಾತ್ರ ಉಳಿಯುತ್ತದೆ. ದೋಷ ಮಣ್ಣಿನದಲ್ಲ, ಆರಿಸಿಕೊಂಡ ಕಾಲದ್ದು. ವಸಂತದ ತೋಟವನ್ನು ವಸಂತದಲ್ಲಿ ಆರಂಭಿಸಲಾಗದು. ಅದು ಪುಷ್ಯಮಾಸದ ಕೆಲಸ.

ತೋಟಗಾರಿಕೆಯ ಇಂಗ್ಲಿಷ್ ಪುಸ್ತಕಗಳಲ್ಲಿ ವಸಂತವೆಂದರೆ ಬಿತ್ತನೆಯ ಕಾಲ. ಆ ಶೀತದೇಶಗಳಲ್ಲಿ ಚಳಿಗೆ ಬಿಗಿದುಕೊಂಡಿದ್ದ ನೆಲ ಆಗ ಸಡಿಲಗೊಳ್ಳುತ್ತದೆ. ನೆಲದಲ್ಲಿ ತೇವವಿರುತ್ತದೆ, ಅದುವರೆಗೆ ಇಲ್ಲದಿದ್ದುದು ಬಿಸುಪು. ಕರ್ನಾಟಕದ ಬಯಲುಸೀಮೆಯಲ್ಲಿ ಸ್ಥಿತಿ ಇದಕ್ಕೆ ವಿರುದ್ಧ. ಇಲ್ಲಿ ಬಿಸುಪಿಗೆ ಬರವಿಲ್ಲ. ಹಿಂಗಾರು ಕಳೆದ ಮೇಲೆ ಸುಮಾರು ಮೂರು ತಿಂಗಳು ಹೇಳಿಕೊಳ್ಳುವಂಥ ಮಳೆಯಿಲ್ಲದೆ, ಚೈತ್ರದ ವೇಳೆಗೆ ನೆಲ ಒಣಗಿ ಬಿರುಕುಬಿಟ್ಟಿರುತ್ತದೆ. ಆದ್ದರಿಂದ ಅಲ್ಲಿನ ತೋಟಗಾರ ಬಿಸಿಲಿಗೆ ಕಾಯುತ್ತಾನೆ. ಇಲ್ಲಿನವನು ತೇವವನ್ನು ಕಾಯಬೇಕು.

ಸಂಕ್ರಾಂತಿಗೆ ಮುಂಚೆ, ನೆಲದಲ್ಲಿ ಅಷ್ಟಿಷ್ಟು ಹಸಿ ಇರುವಾಗಲೇ ಒಂದು ಅಡಿ ಆಳಕ್ಕೆ ಅಗೆದು, ಹೆಂಟೆ ಒಡೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ ಪಾತಿ ಕಟ್ಟುವುದು ಉತ್ತಮ. ಹಬ್ಬ ಕಳೆದ ವಾರದಲ್ಲಿ ಬಿತ್ತಿದರೆ ದಂಟು, ಹರಿವೆಗಳು ಒಂದು ತಿಂಗಳಿಗೆ ಕೈಗೆ ಬರುತ್ತವೆ. ಬೆಂಡೆ ಸುಮಾರು ಐವತ್ತು ದಿನಗಳಲ್ಲಿ ಕಾಯಿ ಕೊಡುತ್ತದೆ. ಚೆಂಡುಹೂವಿಗೆ ಎರಡು ತಿಂಗಳು ಬೇಕು. ಎಂದರೆ ಯುಗಾದಿಯ ತೋರಣಕ್ಕೆ ಅದು ಸಿದ್ಧ. ಬೇಸಗೆಯ ಬೆಂಡೆಗೆ ಬಿಳಿನೊಣಗಳು ಹರಡುವ ಹಳದಿ ನಂಜುರೋಗದ ಕಾಟ ಹೆಚ್ಚು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ‘ಅರ್ಕಾ ಅನಾಮಿಕಾ’ ತಳಿಯನ್ನು ಈ ರೋಗವನ್ನು ತಾಳಿಕೊಳ್ಳಲೆಂದೇ ರೂಪಿಸಿದರು. ದುಂಡುಮಲ್ಲಿಗೆಯದು ಬೇರೆ ಲೆಕ್ಕ. ಅದು ಹೂ ಬಿಡುವುದು ಎಳೆಯ ಚಿಗುರಿನಲ್ಲಿ. ಕೆಲವು ದಿನ ನೀರು ನಿಲ್ಲಿಸಿ ಡಿಸೆಂಬರಿನಲ್ಲಿಯೇ ಸವರಿದರೆ ಫಾಲ್ಗುಣದಲ್ಲಿ ಮೊಗ್ಗು ಕಟ್ಟುತ್ತದೆ. ಸವರಲು ಮನಸ್ಸು ಬಾರದವರಿಗೆ ಸೊಪ್ಪು ಸಮೃದ್ಧವಾಗಿ ದೊರೆಯುತ್ತದೆ!

ಮಾಘ, ಫಾಲ್ಗುಣಗಳಲ್ಲಿ ಅನೇಕ ಮರಗಳು ಎಲೆ ಉದುರಿಸುತ್ತವೆ. ತೋಟಕ್ಕೆ ಹೊದಿಕೆ ಬೇಕಾದ ಕಾಲಕ್ಕೇ ಹೊದಿಕೆ ತಾನಾಗಿ ಮನೆಬಾಗಿಲಿಗೆ ಬಂದು ಬೀಳುತ್ತದೆ. ಅದನ್ನು ಗುಡಿಸಿ ರಾಶಿ ಹಾಕಿ ಬೆಂಕಿಯಿಡುವುದು ಎಷ್ಟೋ ಬೀದಿಗಳಲ್ಲಿ ಬೆಳಗಿನ ನೋಟ. ಹೀಗೆ ಗೊಬ್ಬರವಾಗಬೇಕಾದುದನ್ನು ಹೊಗೆಯಾಗಿಸಿದ ಕೈಗಳೇ ಮರುದಿನ ಪೇಟೆಯಿಂದ ಚೀಲದ ಗೊಬ್ಬರವನ್ನು ಹೊತ್ತು ತರುತ್ತವೆ. ತರಗೆಲೆಯನ್ನು ಮಣ್ಣಿನೊಳಗೆ ಬೆರೆಸಬಾರದು. ಅದು ಕೊಳೆಯುವಾಗ ಸೂಕ್ಷ್ಮಜೀವಿಗಳು ಸಸಿಗೆ ಸಲ್ಲಬೇಕಾದ ಸಾರಜನಕವನ್ನು ತಾವೇ ಕಬಳಿಸುತ್ತವೆ. ಪಾತಿಯ ಮೇಲೆ ನಾಲ್ಕು ಬೆರಳು ದಪ್ಪ ಹರಡಿದರೆ ಸಾಕು. ನೆಲ ತಂಪಾಗಿರುತ್ತದೆ, ತೇವ ಆರುವುದು ನಿಧಾನವಾಗುತ್ತದೆ, ಮುಂಗಾರಿನ ಮಳೆ ಬಿದ್ದಾಗ ಅದೇ ಎಲೆ ಕಳಿತು ಗೊಬ್ಬರವಾಗುತ್ತದೆ.

ಕುಡಿಯುವ ನೀರಿಗೇ ಕಷ್ಟವಿರುವಾಗ ಹೂವಿನ ಗಿಡವೇಕೆ ಎಂಬ ಆಕ್ಷೇಪವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. 2023ರಲ್ಲಿ ಮಳೆ ಕೈಕೊಟ್ಟು, 2024ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ನೀರಿಗೆ ತತ್ವಾರವಾಯಿತು. ಆಗ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನೂ ತೋಟಕ್ಕೆ ನೀರುಣಿಸುವುದನ್ನೂ ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡವೆಂದು ಸಾರಿತು. ಆ ಆಜ್ಞೆ ನ್ಯಾಯವಾದುದೇ. ನೆರೆಯವರು ಕೊಡ ಹಿಡಿದು ಟ್ಯಾಂಕರಿಗಾಗಿ ಕಾದು ನಿಂತಿರುವಾಗ ಹುಲ್ಲುಹಾಸಿಗೆ ನೀರು ಚಿಮುಕಿಸುವುದು ಸೌಂದರ್ಯಪ್ರೀತಿಯಲ್ಲ, ದರ್ಪ. ಆದರೆ ಆಜ್ಞೆ ತಡೆದುದು ಕುಡಿಯುವ ನೀರನ್ನು. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು, ಬಚ್ಚಲ ನೀರು ಆ ದಿನಗಳಲ್ಲಿಯೂ ಮೋರಿ ಸೇರುತ್ತಲೇ ಇದ್ದವು. ಹಿತ್ತಲ ಗಿಡ ಮದ್ದಲ್ಲವೆಂದು ಗಾದೆ. ಬಚ್ಚಲ ನೀರು ನೀರೇ ಅಲ್ಲವೆಂಬುದು ಹೊಸ ಕಾಲದ ಗಾದೆ ಇರಬೇಕು.

ಹಳೆಯ ಮನೆಗಳಲ್ಲಿ ಬಚ್ಚಲ ನೀರು ಬಾಳೆಯ ಬುಡಕ್ಕೂ ಕೆಸುವಿನ ಮಡಿಗೂ ಹರಿಯುತ್ತಿತ್ತು. ಸಾಬೂನಿನ ನೀರು ಸೊಪ್ಪಿನ ಪಾತಿಗೆ ತಕ್ಕುದಲ್ಲ. ಅಲ್ಲಿಗೆ ಅಡುಗೆಮನೆಯಲ್ಲಿ ತೊಳೆದ ನೀರು ಸಲ್ಲಬೇಕು. ಹೀರೆ, ಸೌತೆಗಳ ನಡುವೆ ಹೊಳಪು ಹಚ್ಚದ ಮಣ್ಣಿನ ಮಡಕೆಯೊಂದನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ ಬಾಯಿ ಮುಚ್ಚಿದರೆ, ನೀರು ಮಡಕೆಯ ಮೈಯಿಂದ ಜಿನುಗಿ ಬೇರಿಗೆ ಮುಟ್ಟುತ್ತದೆ. ಬಿಸಿಲಿಗೆ ಆವಿಯಾಗುವುದು ಅಲ್ಪ. ಹಿತ್ತಲಿಲ್ಲದ ಮನೆಯ ಮಹಡಿಯ ಕುಂಡಗಳಿಗೂ ಎಲೆಯ ಹೊದಿಕೆ, ತೊಳೆದ ನೀರು ಒಪ್ಪುತ್ತವೆ.

ದಿನಕ್ಕೆ ಎಷ್ಟು ಕೊಡ ತೊಳೆದ ನೀರು ಉಳಿಯುವುದೆಂದು ಮೊದಲು ಅಳೆದು ನೋಡಿ, ಅದಕ್ಕೆ ತಕ್ಕಷ್ಟೇ ಪಾತಿಗಳನ್ನು ಕಟ್ಟಬೇಕು. ಅದು ಎರಡೇ ಪಾತಿಯಾದರೆ ಎರಡೇ ಸಾಕು. ಮಿಕ್ಕ ನೆಲಕ್ಕೆ ತರಗೆಲೆ ಹೊದಿಸಿ ಮುಂಗಾರಿನವರೆಗೆ ಬಿಟ್ಟಿರಬಹುದು. ಕುಂಬಳದ ಬೀಜಕ್ಕೆ ಆಗ ಅಲ್ಲಿ ಜಾಗವಿರುತ್ತದೆ.