ಕೈ ಹಿಂತೆಗೆಯುವುದನ್ನೂ ಕಲಿಸಿ

ಅರಿವಳಿಕೆ ತಜ್ಞರೆಂದರೆ ಇಂಜೆಕ್ಷನ್ ಕೊಟ್ಟು ನಿದ್ದೆ ಬರಿಸುವವರು ಎಂಬ ತಿಳಿವಳಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ನಿದ್ದೆ ಬಂದ ಮರುಗಳಿಗೆಯಿಂದ ರೋಗಿಯ ಉಸಿರಿನ ಹೊಣೆಯೆಲ್ಲ ಅವರದೇ. ಮೊದಲೇ ಮಾಸ್ಕ್ ಇಟ್ಟು ಆಮ್ಲಜನಕ ತುಂಬಿಸಿದ್ದರೆ ಶ್ವಾಸನಾಳಕ್ಕೆ ಟ್ಯೂಬ್ ಇಳಿಸಲು ಕೆಲವು ನಿಮಿಷ ಸಿಗುತ್ತವೆ. ಇಲ್ಲದಿದ್ದರೆ ಅಷ್ಟೂ ಇಲ್ಲ. ಟ್ಯೂಬ್ ಹಾಕುವುದನ್ನು ಸ್ನಾತಕೋತ್ತರ ವಿದ್ಯಾರ್ಥಿಗಳು ನೂರಾರು ಬಾರಿ ಮಾಡಿಯೇ ಕಲಿಯುತ್ತಾರೆ. ಅದು ಹೋಗದಿದ್ದಾಗ ಕೈ ಹಿಂತೆಗೆಯುವುದನ್ನು ಅಷ್ಟೇ ಶ್ರದ್ಧೆಯಿಂದ ಕಲಿಸುತ್ತಿಲ್ಲ ಎಂಬುದು ನನ್ನ ತಕರಾರು.

2005ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಎಲೇನ್ ಬ್ರೊಮಿಲಿ ಸೈನಸ್ ಶಸ್ತ್ರಚಿಕಿತ್ಸೆಗೆ ದಾಖಲಾದರು. ವಯಸ್ಸು 37, ಬೇರೆ ಕಾಯಿಲೆಯ ಆತಂಕವಿರಲಿಲ್ಲ. ಅರಿವಳಿಕೆ ಕೊಟ್ಟ ಮೇಲೆ ಉಸಿರಿಗೆ ದಾರಿ ಸಿಗಲಿಲ್ಲ. ಇಬ್ಬರು ಅರಿವಳಿಕೆ ತಜ್ಞರು, ಒಬ್ಬ ಕಿವಿ-ಮೂಗು-ಗಂಟಲು ತಜ್ಞ, ಮೂವರೂ ಪಳಗಿದವರೇ, ಟ್ಯೂಬ್ ಹಾಕುವ ಯತ್ನವನ್ನೇ ಮುಂದುವರಿಸಿದರು. ಅತ್ತ ನರ್ಸ್ ಒಬ್ಬರು ಕತ್ತಿನ ಮುಂಭಾಗದಲ್ಲಿ ರಂಧ್ರ ಮಾಡುವ ಸಲಕರಣೆ ತಂದು, ‘ಇಲ್ಲಿದೆ’ ಎಂದು ತಿಳಿಸಿಯೂ ಇದ್ದರು. ಅದನ್ನು ಯಾರೂ ಬಳಸಲಿಲ್ಲ. ಎಲೇನ್ 13 ದಿನಗಳ ನಂತರ ತೀರಿಕೊಂಡರು. ಅಲ್ಲಿ ಕೌಶಲವೂ ಇತ್ತು, ಉಪಕರಣವೂ ಇತ್ತು. ‘ಇನ್ನು ಸಾಕು, ಬೇರೆ ದಾರಿ’ ಎನ್ನುವವರು ಇರಲಿಲ್ಲ. ಪೈಲಟ್ ಆಗಿದ್ದ ಪತಿ ಮಾರ್ಟಿನ್ ಈ ದೋಷವನ್ನು ಗುರುತಿಸಿದ್ದರಲ್ಲಿ ಅಚ್ಚರಿಯಿಲ್ಲ. ಕಾಕ್‌ಪಿಟ್‌ನಲ್ಲಿ ಕಿರಿಯರ ಮಾತಿಗೆ ಹಿರಿಯರು ಕಿವಿಗೊಡುವುದು ಅವರ ತರಬೇತಿಯ ಭಾಗ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ರಾಷ್ಟ್ರೀಯ ಪರಿಶೀಲನೆಯೂ ಇಂಥ ಅವಘಡಗಳ ಹಿಂದೆ ತಪ್ಪು ನಿರ್ಣಯ ಮತ್ತು ತರಬೇತಿಯ ಕೊರತೆಯನ್ನು ಮತ್ತೆ ಮತ್ತೆ ಕಂಡಿತು.

ನಮ್ಮಲ್ಲಿ ನಿಯಮವೇ ಇಲ್ಲವೆಂದಲ್ಲ. ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ ಸಂಘದ 2016ರ ಮಾರ್ಗಸೂಚಿ, ಟ್ಯೂಬ್ ಹಾಕಲು ಮೂರಕ್ಕಿಂತ ಹೆಚ್ಚು ಯತ್ನ ಬೇಡ, ಅದೂ ರಕ್ತದ ಆಮ್ಲಜನಕ ಶೇ 95ಕ್ಕಿಂತ ಇಳಿಯದಿದ್ದರೆ ಮಾತ್ರ ಎನ್ನುತ್ತದೆ. ಮೊದಲ ಯತ್ನ ಸೋತೊಡನೆ ಸಹಾಯಕ್ಕೆ ಕರೆಯಿರಿ ಎಂದೂ ಹೇಳುತ್ತದೆ. ಇಂಥ ನಿಯಮ ನುರಿತವರ ಕೈ ಕಟ್ಟುತ್ತದೆ ಎನ್ನುವವರಿದ್ದಾರೆ. ಆತಂಕದಲ್ಲಿ ಕಾಲದ ಪರಿವೆಯೇ ತಪ್ಪುವುದು ನುರಿತವರಿಗೂ ಸಹಜ; ಎಣಿಕೆ ಬೇಕಿರುವುದು ಅದಕ್ಕೇ. ವಿಡಿಯೊ ಲ್ಯಾರಿಂಗೋಸ್ಕೋಪ್ ಬಂದ ಮೇಲೆ ಈ ಚಿಂತೆ ಯಾಕೆ ಎಂಬುದು ಇನ್ನೊಂದು ವಾದ. ಅದರ ಪರದೆಯಲ್ಲಿ ಧ್ವನಿತಂತುಗಳು ಸ್ಪಷ್ಟವಾಗಿ ಕಂಡರೂ ಟ್ಯೂಬ್ ಒಳಗೆ ಹೋಗದಿರುವುದುಂಟು, ಆಗಂತೂ ಯತ್ನ ನಿಲ್ಲಿಸಲು ಮನಸ್ಸೇ ಬಾರದು. ಇಂಥ ತರಬೇತಿಗೆ ತಗಲುವ ಖರ್ಚಿನ ಮಾತು ಗಟ್ಟಿಯಾದದ್ದು, ಒಪ್ಪುತ್ತೇನೆ. ಆದರೆ ಕತ್ತಿನಲ್ಲಿ ತುರ್ತು ರಂಧ್ರ ಮಾಡುವುದನ್ನು ಕಸಾಯಿಖಾನೆಯಿಂದ ತಂದ ಕುರಿಯ ಗಂಟಲಿನ ಮೇಲೂ ಅಭ್ಯಾಸ ಮಾಡಬಹುದು, ಮತ್ತು ‘ಸಾರ್, ಮೂರಾಯಿತು’ ಎಂದು ನರ್ಸ್ ಗಟ್ಟಿಯಾಗಿ ಹೇಳುವ ರೂಢಿಗೆ ಕಾಸು ಖರ್ಚಿಲ್ಲ.

ವಿದ್ಯಾರ್ಥಿಗಳ ಲಾಗ್‌ಬುಕ್ ಅವರು ಎಷ್ಟು ಟ್ಯೂಬ್ ಹಾಕಿದರೆಂದು ಹೇಳೀತು, ಯಾವಾಗ ನಿಲ್ಲಿಸಿದರೆಂದು ಹೇಳದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಅರಿವಳಿಕೆಯ ಅಂತಿಮ ಪ್ರಾಯೋಗಿಕ ಪರೀಕ್ಷೆಯಲ್ಲಿ, ಏನು ಮಾಡಿದರೂ ಟ್ಯೂಬ್ ಹೋಗದ ಒಂದು ಬೊಂಬೆಯನ್ನು ವಿದ್ಯಾರ್ಥಿಯ ಮುಂದಿಡಲಿ, ಪಕ್ಕದಲ್ಲಿ ಒಬ್ಬ ನರ್ಸ್ ಇರಲಿ, ಸಮಯಕ್ಕೆ ಸರಿಯಾಗಿ ಕೈಬಿಟ್ಟವರಿಗೇ ಅಂಕ ಕೊಡಲಿ.