ಹುಷಾರು ಅನ್ನಬೇಡ, ಅಪ್ಪಾ

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಊರಿನಲ್ಲಿ ಬೇವು ಹೂ ಬಿಟ್ಟಿರುತ್ತದೆ, ಇಲ್ಲಿ ಎಲೆ ಉದುರಲು ಶುರುವಾಗಿರುತ್ತದೆ. ಕಳೆದ ಸಲ ಗಾಜಿನ ಮನೆಯಲ್ಲಿ ಬಸಳೆ ಬೆಳೆಸಿದ ನನ್ನ ಸಾಹಸ ಬರೆದಿದ್ದೆ. ಈ ಸಲದ ಸಾಹಸ ಹದಿಮೂರು ವರ್ಷದ ಮಗಳದು. ನಾವಿರುವುದು ಅಪ್ಪರ್ ಹಟ್. ಊರಿನ ಹೆಸರಲ್ಲೇ ಹಟ ಇರುವಾಗ ಮಕ್ಕಳನ್ನು ಅಂದು ಏನು ಪ್ರಯೋಜನ?

ಅವಳು ಹಿಡಿದ ಹಟದ ಹೆಸರು ಕಿಕ್‌ಫ್ಲಿಪ್. ಸ್ಕೇಟ್‌ಬೋರ್ಡ್ ಎಂದರೆ ನಾಲ್ಕು ಚಕ್ರದ ಹಲಗೆ, ಮೇಲೆ ಉಪ್ಪುಕಾಗದದಂಥ ಒರಟು ಹೊದಿಕೆ. ಹಿಂಗಾಲಿನಿಂದ ಹಲಗೆಯ ಬಾಲವನ್ನು ನೆಲಕ್ಕೆ ಬಡಿದು ಹಾರಬೇಕು. ಹಾರುತ್ತಲೇ ಮುಂಗಾಲನ್ನು ಮೇಲಕ್ಕೆ ಜಾರಿಸಿ, ಹಿಮ್ಮಡಿ ಕಡೆಯ ಅಂಚನ್ನು ಪಾದದಿಂದ ಚಿಮ್ಮಬೇಕು. ಹಲಗೆ ಕಾಲ ಕೆಳಗೆ ಚಪಾತಿಯಂತೆ ಮಗುಚಿ, ಪೂರ್ತಿ ಒಂದು ಸುತ್ತು ಉರುಳಿ ಬಂದಾಗ ಎರಡೂ ಕಾಲು ಅದರ ಮೇಲೆ ಇಳಿಯಬೇಕು. ಇದು ಕಲಿಯುವವರ ಮೊದಲ ಪಾಠಗಳಲ್ಲೊಂದಂತೆ!

ಅವಳು ಹಲಗೆ ಕೇಳಿದಾಗ ನಾನು ಒಪ್ಪಿದ್ದು ಒಂದು ಕರಾರಿನ ಮೇಲೆ. ಪೆಟ್ಟು ಮಾಡಿಕೊಂಡ ದಿನವೇ ಆಟ ಬಂದ್. ಸೈಕಲ್ಲಿಗಾದರೆ ಇಲ್ಲಿ 1994ರಿಂದ ಹೆಲ್ಮೆಟ್ ಕಡ್ಡಾಯ. ಸ್ಕೇಟ್‌ಬೋರ್ಡಿಗೆ ಕಾನೂನು ಕೇಳುವುದಿಲ್ಲ, ನನ್ನ ಹೆಂಡತಿ ಕೇಳುತ್ತಾಳೆ. ಹಾಗಾಗಿ ತಲೆ ಉಳಿಯಿತು, ಎಡಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಎಸಿಸಿ ಇರುವ ದೇಶವಾದ್ದರಿಂದ ಚಿಕಿತ್ಸೆಯ ಖರ್ಚು ಕಾಡಲಿಲ್ಲ. ನಾನು ಮಾತಿಗೆ ತಪ್ಪದೆ ಹಲಗೆಯನ್ನು ಗ್ಯಾರೇಜಿನ ಅಟ್ಟಕ್ಕೆ ಹಾಕಿದೆ.

ಆಗ ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದರು. ನನ್ನ ಪಕ್ಷ ವಹಿಸುತ್ತಾರೆ ಎಂದುಕೊಂಡಿದ್ದೆ. "ಮುರ್ದಿದ್ದು ಕೈ ಅಲ್ವೇನೋ? ಅದು ಆಡೋದು ಕಾಲಲ್ಲಿ," ಎಂದರು. "ನಮ್ಮ ಕಡೆ ಯಾರಮ್ಮ ಇದನ್ನೆಲ್ಲ ಆಡ್ತಾರೆ?" ಎಂದೆ. ಬೆಂಗಳೂರಿನಲ್ಲಿ 2013ರಲ್ಲೇ ಹೋಲಿಸ್ಟೋಕ್ಡ್ ಎಂಬ ಗುಂಪಿನವರು ಸ್ಕೇಟ್ ಪಾರ್ಕ್ ಕಟ್ಟಿದ್ದಾರೆಂದು ಮಗಳು ಉತ್ತರ ಕೊಟ್ಟಳು. ಟೋಕಿಯೋ ಒಲಿಂಪಿಕ್ಸ್‌ಗೆ ಈ ಆಟ ಮೊದಲ ಬಾರಿ ಸೇರಿದಾಗ, 2021ರಲ್ಲಿ, ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೂ ಹದಿಮೂರೇ ವರ್ಷ ಎಂದೂ ಸೇರಿಸಿದಳು.

ಆಮೇಲೆ ಬ್ರಹ್ಮಾಸ್ತ್ರ ಬಿಟ್ಟಳು. ಈ ಕಿಕ್‌ಫ್ಲಿಪ್ ಕಂಡುಹಿಡಿದವನು ಅಮೆರಿಕದ ರಾಡ್ನಿ ಮಲೆನ್, 1980ರ ದಶಕದ ಆರಂಭದಲ್ಲಿ. ಆಗ ಅದರ ಹೆಸರು ಮ್ಯಾಜಿಕ್ ಫ್ಲಿಪ್. ಅವನಿಗೆ ಹತ್ತು ವರ್ಷವಾಗಿದ್ದಾಗ ಅವನಪ್ಪ ಹಲಗೆಗೆ ಒಪ್ಪಿದ್ದೂ ಕರಾರಿನ ಮೇಲೇ. ಮೈಗೆ ಪ್ಯಾಡ್ ಕಟ್ಟಿಕೊಳ್ಳಬೇಕು, ದೊಡ್ಡ ಪೆಟ್ಟಾದರೆ ಬಿಟ್ಟುಬಿಡಬೇಕು! "ನೀನೂ ಹಾಗೇ ಅಪ್ಪಾ," ಎಂದಳು. ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ. ಆ ರಾತ್ರಿ ಯೋಚಿಸಿದೆ. ಆ ಹುಡುಗ ಪೆಟ್ಟು ಮಾಡಿಕೊಂಡಿದ್ದರೂ ಅಪ್ಪನಿಗೆ ಹೇಳುತ್ತಿದ್ದನೇ? ನನ್ನ ಕರಾರು ಬೀಳದಿರುವುದನ್ನೇನೂ ಕಲಿಸುತ್ತಿರಲಿಲ್ಲ, ಬಿದ್ದದ್ದನ್ನು ಮುಚ್ಚಿಡುವುದನ್ನು ಕಲಿಸುತ್ತಿತ್ತು. ಪ್ಲಾಸ್ಟರ್ ಬಿಚ್ಚಿ, ಡಾಕ್ಟರು ಸರಿ ಎಂದ ಮೇಲೆ, ಮಣಿಕಟ್ಟಿನ ಪಟ್ಟಿ ತಂದುಕೊಟ್ಟು ಹಲಗೆ ಇಳಿಸಿದೆ.

ಶನಿವಾರ ಬೆಳಗ್ಗೆ ಸ್ಕೇಟ್ ಪಾರ್ಕಿನ ಅಂಚಿನಲ್ಲಿ ನಾನು, ಬೆಂಚಿನ ಮೇಲೆ ಶಾಲು ಹೊದ್ದ ಅಮ್ಮ. ಅವಳು ಹಾರಿದಾಗಲೆಲ್ಲ ನನ್ನ ಬಾಯಿಂದ ತಾನಾಗಿ "ಹುಷಾರು!" ಹೊರಡುತ್ತಿತ್ತು. ಹಲಗೆ ಚೆನ್ನಾಗಿಯೇ ಮಗುಚುತ್ತಿತ್ತು. ಆದರೆ ಹಿಂಗಾಲು ಮಾತ್ರ ಹಲಗೆಗೆ ಇಳಿಯುತ್ತಿತ್ತು, ಮುಂಗಾಲು ದೂರ ಹೋಗಿ ನೆಲಕ್ಕೆ ಊರುತ್ತಿತ್ತು. ಪಕ್ಕದಲ್ಲಿದ್ದ ದೊಡ್ಡ ಹುಡುಗನೊಬ್ಬ ಅವಳಿಗೆ ಹೇಳಿದ: ಚಿಮ್ಮುವುದು ಸರಿಯಿದೆ, ಆ ಕಾಲಿಗೆ ಹೆದರಿಕೆ. ಎರಡೂ ಕಾಲು ಹಲಗೆಗೆ ಎಂದು ಮೊದಲೇ ನಿರ್ಧರಿಸದಿದ್ದರೆ ಇದು ಆಗುವುದಿಲ್ಲ. ನಿಜ ಹೇಳಬೇಕೆಂದರೆ, ಒಂಟಿ ಕಾಲಲ್ಲಿ ಇಳಿದಾಗಲೇ ಹಲಗೆ ಚಿಮ್ಮಿಹೋಗಿ ಬೀಳುವ ಸಂಭವವೂ ಹೆಚ್ಚು.

ಅವಳು ನನ್ನ ಹತ್ತಿರ ಬಂದಳು. "ಅಪ್ಪಾ, ಹುಷಾರು ಅನ್ನಬೇಡ. ನೀನು ಅಂದ ತಕ್ಷಣ ಕಾಲು ಆಚೆ ಹೋಗತ್ತೆ."

ಬಾಯಿ ಮುಚ್ಚಿಕೊಂಡು ನಿಂತೆ. ಎರಡು ಸಲ ಸಾಧ್ಯವಾಯಿತು. ಮೂರನೇ ಸಲ ಹೆಸರಿಗೆ ಕೆಮ್ಮಿದೆ. "ನೀನು ಹೋಗಿ ಕಾರಿಂದ ಫ್ಲಾಸ್ಕ್ ತಗೊಂಡು ಬಾ," ಎಂದರು ಅಮ್ಮ.

ಕಾರಿನ ಬಾಗಿಲು ಹಾಕುವಾಗ ಹಿಂದಿನಿಂದ ಹಲಗೆಗಳನ್ನು ನೆಲಕ್ಕೆ ಬಡಿಯುವ ಸದ್ದು ಕೇಳಿತು. ಈ ಮಕ್ಕಳ ಚಪ್ಪಾಳೆ ಅದು. ಓಡಿಬಂದೆ. ಮಗಳು ಅಜ್ಜಿಯನ್ನು ತಬ್ಬಿಕೊಂಡು ಕುಣಿಯುತ್ತಿದ್ದಳು. ನಾನು ನೋಡಲಿಲ್ಲ, ಇನ್ನೊಂದು ಸಲ ಮಾಡು ಎಂದು ಗೋಗರೆದೆ. ಹತ್ತೊಂಬತ್ತು ಸಲ ಮಾಡಿದಳು, ಆವತ್ತು ಮತ್ತೆ ಬರಲಿಲ್ಲ. ಫ್ಲಾಸ್ಕಿನ ಕಾಫಿ ಕುಡಿದು ಮನೆಗೆ ಬಂದೆವು.