ಖಾಲಿ ಕುರ್ಚಿಯ ಮೇಲಿನ ಆಕ್ಷೇಪಗಳು

ಅಮೆರಿಕದ ಕಲಾವಿದ ಆಂಡಿ ವಾರ್ಹೋಲ್ 1971ರಲ್ಲಿ ಹೊರತಂದ ‘ಎಲೆಕ್ಟ್ರಿಕ್ ಚೇರ್’ ಸಂಪುಟದಲ್ಲಿ ಹತ್ತು ಸ್ಕ್ರೀನ್‌ಪ್ರಿಂಟ್‌ಗಳಿವೆ. ಹತ್ತರಲ್ಲೂ ಇರುವುದು ಒಂದೇ ಚಿತ್ರ: ಮರಣದಂಡನೆಯ ವಿದ್ಯುತ್ ಕುರ್ಚಿ, ಯಾರೂ ಕುಳಿತಿಲ್ಲ. ಬದಲಾಗುವುದು ಬಣ್ಣ ಮಾತ್ರ. ಇದನ್ನು ಕಲೆಯೆಂದು ಒಪ್ಪದವರ ಮಾತುಗಳಲ್ಲಿ ಕೆಲವಕ್ಕೆ ಹುರುಳಿದೆ, ಅವರ ತೀರ್ಪಿಗೆ ಇಲ್ಲ. ಒಂದೊಂದಾಗಿ ನೋಡೋಣ.

‘ಫೋಟೊ ಅವನದೇ ಅಲ್ಲ.’ ನಿಜ. ಅದು 1953ರ ಜನವರಿಯ ಪತ್ರಿಕಾ ಛಾಯಾಚಿತ್ರ, ನ್ಯೂಯಾರ್ಕ್ ರಾಜ್ಯದ ಸಿಂಗ್ ಸಿಂಗ್ ಜೈಲಿನ ದಂಡನೆಯ ಕೋಣೆಯದು. ಅದೇ ವರ್ಷ ಜೂನ್ 19ರಂದು, ಸೋವಿಯತ್ ಒಕ್ಕೂಟಕ್ಕಾಗಿ ಬೇಹುಗಾರಿಕೆ ನಡೆಸುವ ಸಂಚು ಹೂಡಿದರೆಂದು ಜೂಲಿಯಸ್ ಮತ್ತು ಎಥೆಲ್ ರೋಸೆನ್‌ಬರ್ಗ್ ದಂಪತಿಯನ್ನು ಅಲ್ಲಿ ಕೊಲ್ಲಲಾಯಿತು. ವಾರ್ಹೋಲ್ ಕುರ್ಚಿಯನ್ನು ಕಲ್ಪಿಸಿ ಬರೆದಿದ್ದರೆ, ಕಲಾವಿದನ ಭ್ರಮೆಯೆಂದು ನಾವು ಸುಲಭವಾಗಿ ತಳ್ಳಿಹಾಕಬಹುದಿತ್ತು. ಸುದ್ದಿಚಿತ್ರ ಆ ದಾರಿಯನ್ನು ಮುಚ್ಚುತ್ತದೆ. ಹಾಗೆಂದು ಅವನು ಅದನ್ನು ಇದ್ದಹಾಗೇ ಎತ್ತಿಕೊಳ್ಳಲೂ ಇಲ್ಲ. ಇದೇ ಫೋಟೊದಿಂದ 1960ರ ದಶಕದಲ್ಲಿ ಮಾಡಿದ ಮೊದಲ ಕ್ಯಾನ್ವಾಸ್‌ಗಳಲ್ಲಿ ಗೋಡೆಯ ಮೇಲೆ ಮೌನವಾಗಿರಿ ಎನ್ನುವ ಫಲಕ ಕಾಣುತ್ತದೆ. 1971ರ ವೇಳೆಗೆ ಕೋಣೆಯನ್ನು ಕತ್ತರಿಸಿ ಕುರ್ಚಿಯನ್ನು ನೋಡುವವರ ಎದುರಿಗೇ ತಂದಿಟ್ಟ.

‘ಇದು ಅಚ್ಚಿನ ಕೆಲಸ, ಮದುವೆ ಕಾಗದವನ್ನೂ ಹೀಗೆಯೇ ಹೊಡೆಯುತ್ತಾರೆ.’ ವಿಧಾನ ಅದೇ: ಚೌಕಟ್ಟಿಗೆ ಬಿಗಿದ ಜಾಲರಿ, ಬೆಳಕಿಗೆ ಗಟ್ಟಿಯಾಗುವ ಲೇಪ, ಶಾಯಿಯನ್ನು ಒತ್ತಿ ಎಳೆಯುವ ಸ್ಕ್ವೀಜಿ. ವಸ್ತುವಿಗೆ ಇದಕ್ಕಿಂತ ಹೊಂದುವ ವಿಧಾನ ಯಾವುದಿತ್ತು? ಸರ್ಕಾರ ಕೊಲ್ಲುವುದೂ ಕ್ರಮಬದ್ಧವಾಗಿಯೇ: ವಾರಂಟ್, ನಿಗದಿತ ಹೊತ್ತು, ಸಾಕ್ಷಿಗಳು, ಸಹಿ. ಈ ಪ್ರಿಂಟ್‌ಗಳ ಬೆನ್ನಿಗೂ ಬಾಲ್‌ಪೆನ್ನಿನ ಸಹಿ, ರಬ್ಬರ್ ಮೊಹರಿನಲ್ಲಿ ಒತ್ತಿದ ಕ್ರಮಸಂಖ್ಯೆ. ಕುಂಚದಿಂದ ಕಣ್ಣೀರು ತುಂಬಿ ಬರೆದಿದ್ದರೆ ಈ ತಣ್ಣನೆಯ ಕ್ರೌರ್ಯ ಕಾಣುತ್ತಲೇ ಇರಲಿಲ್ಲ.

‘ಸಾವಿನ ಯಂತ್ರಕ್ಕೆ ಗುಲಾಬಿ, ಹಳದಿ ಬಳಿಯುವುದು ಸತ್ತವರಿಗೆ ಮಾಡಿದ ಅವಮಾನ.’ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇದು. ಆದರೆ ಕಪ್ಪುಬಿಳುಪಿನ ಸಾವಿನ ಚಿತ್ರಕ್ಕೆ ಹೇಗೆ ಸ್ಪಂದಿಸಬೇಕೆಂಬುದು ನಮಗೆ ಮೊದಲೇ ರೂಢಿಯಾಗಿದೆ: ‘ಅಯ್ಯೋ ಪಾಪ’ ಎಂದು ಪುಟ ತಿರುಗಿಸುತ್ತೇವೆ. ವಾರ್ಹೋಲ್ 1950ರ ದಶಕದಲ್ಲಿ ಜಾಹೀರಾತಿಗೆ ಚಿತ್ರ ಬರೆದು ಬದುಕಿದವನು. ಕಣ್ಣು ಸೆಳೆಯುವ ಬಣ್ಣ ಯಾವುದೆಂದು ಬಲ್ಲ. ಸಾಮಾನು ಮಾರುವ ಬಣ್ಣಕ್ಕೆ ಮನಸೋತು ಹತ್ತಿರ ಹೋದವರಿಗೆ ಸಿಗುವುದು ಚರ್ಮದ ಪಟ್ಟಿಗಳಿರುವ ಕುರ್ಚಿ. ಹಿಡಿಸಿತಲ್ಲ ಎಂಬ ಮುಜುಗರ ಅಲ್ಲಿಂದ ಶುರು. ಅವನ ಇದೇ ಸಾವಿನ ಸರಣಿಯ ಕಾರು ಅಪಘಾತದ ಚಿತ್ರಗಳಲ್ಲಿ ದೇಹಗಳಿವೆ, ಕನಿಕರಕ್ಕೊಂದು ಆಸರೆಯಿದೆ. ಇಲ್ಲಿ ಅದೂ ಇಲ್ಲ. ಸತ್ತವರ ಮುಖವನ್ನು ಮಾರಾಟಕ್ಕಿಡದ ಚಿತ್ರ ಅವರನ್ನು ಅವಮಾನಿಸಿತು ಎನ್ನುವುದು ಹೇಗೆ?

‘ಸೀಮಿತ ಆವೃತ್ತಿ ವ್ಯಾಪಾರದ ಹೂಟ.’ ಒಪ್ಪಿದೆ. ಜ್ಯೂರಿಕ್‌ನ ಕಲಾ ವ್ಯಾಪಾರಿ ಬ್ರೂನೊ ಬಿಷೋಫ್‌ಬರ್ಗರ್ 250 ಪ್ರತಿಗಳಿಗೆ ಮಿತಿ ಹಾಕಿ ಪ್ರಕಟಿಸಿದ್ದು ಬೆಲೆ ಉಳಿಯಲೆಂದೇ. ಕಲಾವಿದನ ಪ್ರತಿಗಳೆಂದು ಇನ್ನೂ 50 ಇವೆ. ಆದರೆ ಮಾರಾಟದ ಕ್ರಮ ಕೃತಿಯ ಅರ್ಥವನ್ನು ತೀರ್ಮಾನಿಸದು. ಒಂದೇ ಕ್ಯಾನ್ವಾಸ್ ಒಬ್ಬ ಶ್ರೀಮಂತನ ಗೋಡೆ ಸೇರಿದರೆ ಮುಗಿಯಿತು. ಮುನ್ನೂರು ಪ್ರತಿಗಳು ಅಷ್ಟು ಸುಲಭಕ್ಕೆ ಮರೆಯಾಗವು.

‘ಅವನಿಗೆ ನಿಲುವೇ ಇರಲಿಲ್ಲ.’ ಭೀಕರ ಚಿತ್ರವನ್ನು ಮತ್ತೆ ಮತ್ತೆ ನೋಡಿದರೆ ಪರಿಣಾಮವೇ ಉಳಿಯುವುದಿಲ್ಲ ಎಂದು 1963ರಲ್ಲಿ ಅವನು ಹೇಳಿದ್ದನ್ನು ಇದಕ್ಕೆ ಸಾಕ್ಷಿ ಮಾಡುತ್ತಾರೆ. ಆ ಮಾತಿನಲ್ಲಿರುವುದು ನಮ್ಮೆಲ್ಲರ ರೋಗದ ಲಕ್ಷಣ. ರೋಗವನ್ನು ಹೆಸರಿಸಿದವನನ್ನೇ ರೋಗಿಯೆಂದರೆ ಹೇಗೆ? ಕಾಲವನ್ನೂ ಗಮನಿಸಿ. 1967ರ ನಡುವಿನಿಂದ 1977ರ ಆರಂಭದವರೆಗೆ ಅಮೆರಿಕದಲ್ಲಿ ಒಂದೂ ಮರಣದಂಡನೆ ಜಾರಿಯಾಗಲಿಲ್ಲ. 1972ರಲ್ಲಿ ಸುಪ್ರೀಂ ಕೋರ್ಟ್ ಆಗ ಜಾರಿಯಲ್ಲಿದ್ದ ಮರಣದಂಡನೆಯ ಕಾನೂನುಗಳನ್ನು ತಳ್ಳಿಹಾಕಿತು, 1976ರಲ್ಲಿ ಹೊಸ ಕಾನೂನುಗಳಿಗೆ ಒಪ್ಪಿಗೆ ಕೊಟ್ಟಿತು. ಪ್ರಿಂಟ್‌ಗಳು ಬಂದಾಗ ಕುರ್ಚಿ ನಿಜಕ್ಕೂ ಖಾಲಿಯಿತ್ತು. ಅದು ಖಾಲಿ ಉಳಿಯಬೇಕೇ ಎಂಬುದು ನಾಗರಿಕರು ಉತ್ತರಿಸಬೇಕಿದ್ದ ಪ್ರಶ್ನೆ.

ಗಲ್ಲುಶಿಕ್ಷೆ ನಮ್ಮ ಕಾನೂನಿನಲ್ಲೂ ಇದೆ. ಈ ಚಿತ್ರ ಹಿಡಿಸದವರು ಧಾರಾಳವಾಗಿ ಹಾಗೆನ್ನಲಿ. ಆದರೆ ತಮ್ಮ ಸಿಟ್ಟು ಬಣ್ಣದ ಮೇಲೋ, ಕುರ್ಚಿಯ ಮೇಲೋ ಎಂಬುದನ್ನು ಮೊದಲು ಹೇಳಲಿ.